ನಿಮ್ಮ ಪಾತಿ ಒಡೆದೆ, ಅತ್ತೆ

ಅತ್ತೆ,

ನೀವಿದ್ದಾಗ ನಿಮಗೆ ಒಂದು ಸಾಲು ಬರೆದವಳಲ್ಲ ನಾನು. ಫೋನ್ ಇತ್ತಲ್ಲ, ಬರೆಯುವ ಅಗತ್ಯ ಎಲ್ಲಿತ್ತು? ಈಗ ಹೇಳಬೇಕಾದದ್ದನ್ನು ಯಾವ ಫೋನಿನಲ್ಲೂ ಹೇಳುವ ಹಾಗಿಲ್ಲ. ನೀವು ಈ ಪರದೇಶದ ನೇಸ್ ಊರಿನ ನಮ್ಮ ಹಿತ್ತಲಲ್ಲಿ ನೆಟ್ಟು ಹೋದ ಮೂರು ಬರ್ಚ್ ಗಿಡಗಳ ಪಾತಿಯನ್ನು ನನ್ನ ಕೈಯಾರೆ ಒಡೆದುಹಾಕಿದೆ. ಯಾಕೆ ಅಂತ ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಹೋದ ವರ್ಷ ಮಾರ್ಚಿನ ಆ ಶನಿವಾರ ನೆನಪಿದೆಯೇ? ನಿಮ್ಮ ಮಗ ಮೋಹನ್ ಕಾರಿನ ಹಿಂದಿನ ಸೀಟಿನಲ್ಲಿ ಗಿಡಗಳನ್ನು ಮಲಗಿಸಿಕೊಂಡು ಬಂದಿದ್ದರು. "ಇದು ನಮ್ಮ ಭೂರ್ಜದ ಜಾತಿನೇ ಅಮ್ಮ, ಹಿಂದೆ ಋಷಿಗಳು ಇದರ ತೊಗಟೆ ಮೇಲೆ ಬರೀತಿದ್ರಂತೆ" ಎಂದರು. ನೀವು ಆ ಚಳಿಯಲ್ಲೂ ಚಪ್ಪಲಿ ಬಿಟ್ಟು ಹೋಗಿ ಗಿಡ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿರಿ. ಅವರು ಗುಂಡಿ ತೋಡಿದರು, ನೀವು ಸೆರಗು ಸಿಕ್ಕಿಸಿಕೊಂಡು ಬುಡಕ್ಕೆ ಮಣ್ಣು ಏರಿಸಿ ಸುತ್ತ ಕಟ್ಟೆ ಕಟ್ಟಿದಿರಿ. "ಪಾತಿ ಇಲ್ದಿದ್ರೆ ನೀರೆಲ್ಲ ಹರಿದೋಗ್ತೈತೆ ಕಣಮ್ಮ. ಬೇರಿಗೆ ಏನ್ ಸಿಗ್ತೈತೆ?" ಎಂದಿರಿ. ಹಿರಿಯೂರಿನವರಲ್ಲವೇ, ಒಂದೊಂದು ಬಿಂದಿಗೆಯನ್ನೂ ಹಿಡಿದು ನಿಲ್ಲಿಸಿಯೇ ಗಿಡ ಬೆಳೆಸಿದವರು. ನೀವು ಆ ಮಾತು ಹೇಳುವಾಗ ನಿಮ್ಮ ತಲೆಯ ಮೇಲೆ ಜಿಟಿಜಿಟಿ ಮಳೆ ಬೀಳುತ್ತಿತ್ತು. ಇಲ್ಲಿ ನೀರಿಗೆ ಬರವೇ ಎಂದು ನಾನು ನಕ್ಕೆ. "ಡಾಕ್ಟ್ರಮ್ಮ, ನೀನು ಆಸ್ಪತ್ರೆ ನೋಡ್ಕೊ, ಗಿಡ ನಾನ್ ನೋಡ್ಕೋತೀನಿ" ಎಂದಿರಿ. ಸಾರಿನ ಬೆಲ್ಲದಿಂದ ಹಿಡಿದು ಮಗಳ ಜಡೆಯವರೆಗೆ ನಿಮ್ಮ ಜೊತೆ ವಾದ ಮಾಡಿದ ನಾನು ಅವತ್ತೊಂದು ದಿನ ಬಾಯಿ ಮುಚ್ಚಿಕೊಂಡೆ.

ನಮ್ಮ ತಾರಾ ಶಾಲೆಯಿಂದ ಬಂದು ಪಾತಿ ನೋಡಿ "ಇಟ್ಸ್ ಗ್ರ್ಯಾಂಡ್, ಅಜ್ಜಿ" ಎಂದಿದ್ದಳು. ಚೆನ್ನಾಗಿದೆ ಎನ್ನಲು ಇಲ್ಲಿನವರು ಎಲ್ಲದಕ್ಕೂ ಬಳಸುವ ಆ ಒಂದು ಪದ ನಿಮಗೆ ಎಷ್ಟು ಹಿಡಿಸಿತು! ಊಟ ಹೇಗಿತ್ತು ಎಂದರೆ ಗ್ರ್ಯಾಂಡು, ನಿದ್ದೆ ಬಂತೇ ಎಂದರೆ ಗ್ರ್ಯಾಂಡು. ನಾನು ಬಿಪಿ ನೋಡಲು ಬಂದರೆ ತೋಳು ಚಾಚುತ್ತಲೇ "ಗ್ರ್ಯಾಂಡಾಗೈತೆ ಬಿಡು" ಎನ್ನುತ್ತಿದ್ದಿರಿ. ಮೇ ತಿಂಗಳಲ್ಲಿ ಊರಿಗೆ, ನಿಮ್ಮ ಮಗಳು ಅತ್ತಿಗೆಯ ಮನೆಗೆ ಹಿಂತಿರುಗುವಾಗಲೂ ವಿಮಾನ ನಿಲ್ದಾಣದಲ್ಲಿ ಅದನ್ನೇ ಹೇಳಿದಿರಿ.

ಜುಲೈನ ಆ ಕಡೆಯ ಫೋನಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದೇ ಅದಕ್ಕೆ. ನಾನು ವಾರ್ಡಿನ ಹೊರಗೆ ಒಂದು ಕೈಯಲ್ಲಿ ಚಾರ್ಟ್ ಹಿಡಿದು ನಿಂತಿದ್ದೆ. ಎಲೆಗಳು ಹಳದಿಯಾಗಿ ಉದುರುತ್ತಿವೆ ಎಂದೆ. "ನೀನು ನೀರು ಹಾಕ್ತಿಲ್ಲ. ದಿನಾ ನೀರು ಹಾಕು, ಪಾತಿ ಬಿಡಬೇಡ" ಎಂದಿರಿ. ಕಾಲಿನ ಊತ ಇಳಿಯಿತೇ ಎಂದು ಕೇಳಿದೆ. "ಗ್ರ್ಯಾಂಡಾಗೈತೆ." ಅಷ್ಟರಲ್ಲಿ ಯಾರೋ ನನ್ನನ್ನು ಕರೆದರು. "ಆಯ್ತು ಅತ್ತೆ, ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟೆ. ಆಮೇಲೆ ಮಾಡಲಿಲ್ಲ. ನಾಲ್ಕನೆಯ ದಿನ ಅತ್ತಿಗೆಯ ಫೋನ್ ಬಂತು. ಹೃದಯ ಸೋತಿತ್ತು. ಕೊನೆಯ ವಾರವಿಡೀ ನೀವು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಿರಂತೆ. ಕಾಲು ಊದಿದ ಪ್ರತಿ ರೋಗಿಗೂ ನಾನು ಮೊದಲು ಕೇಳುವ ಪ್ರಶ್ನೆ ಒಂದಿದೆ: ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ? ಮಲಗಿದರೆ ಉಸಿರು ಕಟ್ಟುವವರು ದಿಂಬಿನ ಮೇಲೆ ದಿಂಬು ಏರಿಸುತ್ತಾರೆ. ದಿನಕ್ಕೆ ಹತ್ತು ಜನಕ್ಕೆ ಕೇಳುವ ಪ್ರಶ್ನೆ, ಅತ್ತೆ. ನಿಮಗೊಬ್ಬರಿಗೆ…

ಮೋಹನ್ ಒಬ್ಬರೇ ಊರಿಗೆ ಹೋಗಿ ಕರ್ಮ ಮುಗಿಸಿ ಬಂದರು. ನಾನು ತಾರಾಳನ್ನು ನೋಡಿಕೊಂಡು ಇಲ್ಲೇ ಉಳಿದೆ. ಅಂದಿನಿಂದ ನೀರು ಹಾಕಲು ಶುರುಮಾಡಿದೆ. ದಿನಾ ಬೆಳಗ್ಗೆ ಡ್ಯೂಟಿಗೆ ಹೊರಡುವ ಮುಂಚೆ, ಮಳೆ ಬರುತ್ತಿದ್ದರೂ ಬಿಡದೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನೀರಿನ ಕ್ಯಾನ್. ನಗಬೇಡಿ. ಮಳೆಗೆ ಪಾತಿ ಕರಗಿದಾಗೆಲ್ಲ ಮತ್ತೆ ಕಟ್ಟಿದೆ, ಬುಡಕ್ಕೆ ಗೊಬ್ಬರ ಸುರಿದೆ. ನಿಮ್ಮ ಪಾತಿ ಒಂದು ಗೇಣಿದ್ದರೆ ನಾನು ಎರಡು ಗೇಣು ಮಾಡಿದೆ. "ಸಾಕು ಬಿಡು, ಸುಜಾತ" ಎಂದ ಮೋಹನ್ ಮೇಲೆ ರೇಗಿದೆ. ನಿಮ್ಮ ಕೊನೆಯ ಮಾತು ಅದೊಂದೇ ನನ್ನ ಹತ್ತಿರ ಉಳಿದಿತ್ತು. ಅದನ್ನೂ ಮೀರಲೇ?

ಈ ಏಪ್ರಿಲ್ ಕೊನೆಯಲ್ಲಿ ನಮ್ಮ ಬೀದಿಯ ಬರ್ಚ್‌ಗಳೆಲ್ಲ ಚಿಗುರಿದವು. ನಮ್ಮ ಮೂರು ಮಾತ್ರ ಕಡ್ಡಿಯ ಹಾಗೆ ನಿಂತಿದ್ದವು. ಪಕ್ಕದ ಮನೆಯ ಶೇಮಸ್ ನಿಮಗೆ ಗೊತ್ತಲ್ಲ, ನೀವು ಚಕ್ಕುಲಿ ಕೊಟ್ಟಿದ್ದಿರಿ. ಗಿಡಗಳ ನರ್ಸರಿಯಲ್ಲಿ ದುಡಿದು ನಿವೃತ್ತರಾದವರು. ಅವರು ಬಂದು ಉಗುರಿನಿಂದ ತೊಗಟೆ ಕೆರೆದು ತೋರಿಸಿದರು. ಒಳಗೆ ಇನ್ನೂ ಹಸಿರಿತ್ತು. "ಸತ್ತಿಲ್ಲ. ಆದರೆ ಇವನ್ನು ಕುತ್ತಿಗೆವರೆಗೆ ಹೂತು ನೀರಿನಲ್ಲಿ ನಿಲ್ಲಿಸಿದ್ದೀರಿ. ಈ ಜಿಗುಟು ಮಣ್ಣಿನಲ್ಲಿ ನೀರು ಇಳಿಯುವುದಿಲ್ಲ. ಬೇರಿಗೂ ಉಸಿರು ಬೇಕು, ಡಾಕ್ಟರ್" ಎಂದರು. ಕಟ್ಟೆ ಒಡೆಯಬೇಕು, ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಕಾಣುವವರೆಗೆ ಮಣ್ಣು ಸರಿಸಬೇಕು, ಆಸರೆಯ ಗೂಟಕ್ಕೆ ಬಿಗಿದ ಪಟ್ಟಿ ಸಡಿಲಿಸಬೇಕು, ನೀರು ನಿಲ್ಲಿಸಿ ಕಾಯಬೇಕು. ಯೋಚಿಸುತ್ತೇನೆ ಎಂದು ಹೇಳಿ ಅವರಿಗೆ ಟೀ ಕೊಟ್ಟು ಕಳಿಸಿದೆ.

ಒಂದು ವಾರ ಏನೂ ಮಾಡಲಿಲ್ಲ. ನಿಮ್ಮ ಸೀರೆಗಳು ಊರಿನಲ್ಲಿ ಅತ್ತಿಗೆಯ ಬಳಿ ಇವೆ. ನಿಮ್ಮ ಕೈಯ ಕೆಲಸ ಅಂತ ನನ್ನ ಪಾಲಿಗೆ ಬಂದದ್ದು ಈ ಮಣ್ಣಿನ ಕಟ್ಟೆ ಮಾತ್ರ. ಅದನ್ನು ಒಡೆ ಎನ್ನುತ್ತಾರಲ್ಲ. ಆ ಶುಕ್ರವಾರ ವಾರ್ಡಿನಲ್ಲಿ ಕಾಲು ಊದಿದ ಒಬ್ಬ ಅಜ್ಜಿ ಇದ್ದರು. ಅವರಿಗೆ ನೀರು ಕಡಿಮೆ ಕೊಡಬೇಕೆಂದು ಬರೆದೆ. ಅವರ ಮಗಳು ಒಂದು ಲೋಟ ಹಿಡಿದುಕೊಂಡು ಬಂದು, ಅಮ್ಮನಿಗೆ ಬಾಯಾರಿಕೆ, ಇಷ್ಟೇ ಇಷ್ಟು ಕೊಡಲೇ ಎಂದು ಬೇಡಿದಳು. ನಾನು ಅವಳನ್ನು ಪಕ್ಕಕ್ಕೆ ಕೂರಿಸಿ, ಈಗ ಕೊಡದಿರುವುದೇ ನೀನು ಅಮ್ಮನಿಗೆ ಮಾಡುವ ಉಪಕಾರ ಎಂದು ನಿಧಾನವಾಗಿ ಹೇಳಿದೆ. ಹೇಳುತ್ತಿರುವಾಗಲೇ ನನಗೆ ನಮ್ಮ ಹಿತ್ತಲು ಕಣ್ಣ ಮುಂದೆ ಬಂತು.

ಭಾನುವಾರ ಒಡೆದೆ. ಸಲಿಕೆ ಮುಟ್ಟಲಿಲ್ಲ, ಕೈಯಲ್ಲೇ. ಮಣ್ಣು ಕಪ್ಪಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ನಾನು ಸುರಿದದ್ದೆಲ್ಲ ಮೊದಲು ಬಂತು, ಅದರ ಕೆಳಗೆ ನಿಮ್ಮದು. ಅರ್ಧ ಕೊಳೆತ ತೆಂಗಿನ ನಾರು ಕೈಗೆ ಸಿಕ್ಕಿತು, ಯುಗಾದಿಯ ಕಾಯಿ ಒಡೆದು ನೀವು ಬುಡಕ್ಕೆ ಹಾಕಿದ್ದ ನಾರು. ಅಲ್ಲೇ ಮಂಡಿಯೂರಿ ಜೋರಾಗಿ ಅತ್ತುಬಿಟ್ಟೆ. ಬೇಲಿಯಾಚೆಗಿದ್ದ ಶೇಮಸ್ ಒಳಗೆ ಹೋಗಿ, ನಾನು ಮುಖ ತೊಳೆದ ಮೇಲೆ ಮಣ್ಣು ಸಡಿಲಿಸುವ ಉದ್ದ ಹಲ್ಲಿನ ಫೋರ್ಕ್ ತಂದು ಗಿಡದ ಸುತ್ತ ಗಾಳಿಯಾಡಲು ತೂತು ಮಾಡಿಕೊಟ್ಟರು. ಒಣಗಿದ ತುದಿಗಳನ್ನು ಕತ್ತರಿಸಹೋದರೆ ತಡೆದರು. ವಸಂತದಲ್ಲಿ ಬರ್ಚ್ ಕೊಯ್ದರೆ ರಸ ಸುರಿದು ಸೊರಗುತ್ತದಂತೆ. ಅತಿಯಾದರೆ ಅಮೃತವೂ ವಿಷ ಎಂದು ನೀವು ನನ್ನ ಕಾಫಿಯ ಸಕ್ಕರೆಗೆ ಹೇಳುತ್ತಿದ್ದಿರಿ. ನಿಮ್ಮ ಪಾತಿಗೆ ಅದನ್ನು ಹೇಳುವವರು ಯಾರಿದ್ದರು?

ಆಮೇಲೆ ಕಾಯುವುದಷ್ಟೇ ಕೆಲಸ. ಏನೂ ಮಾಡದೆ ಇರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಮೂರು ವಾರಕ್ಕೆ ಎರಡು ಗಿಡಗಳಲ್ಲಿ ಮೊಗ್ಗು ಬಿರಿದು, ಅಂಚಿಗೆಲ್ಲ ಗರಗಸದ ಹಲ್ಲಿರುವ ಪುಟ್ಟ ಎಲೆ ಬಂತು. "ಈ ಸೊಟ್ಟಗಿರೋದು ನಂದು" ಎಂದು ನೀವು ಆರಿಸಿಕೊಂಡದ್ದು ಮಾತ್ರ ತುದಿಯಿಂದ ಒಣಗುತ್ತಾ ಬಂತು. ಅದರ ಆಸೆ ಬಿಟ್ಟಿದ್ದೆ. ಜೂನ್ ಬಂದ ಮೇಲೆ, ನಾವು ಮಣ್ಣಲ್ಲಿ ಮುಚ್ಚಿಟ್ಟಿದ್ದ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ, ಎರಡು ಚಿಗುರು ಒಡೆದಿವೆ. ಮೇಲಿನ ಅರ್ಧ ಉಳಿಯುವುದಿಲ್ಲ. ಕೆಳಗಿನದು ಉಳಿಯುತ್ತದೆ.

ಬಗೆದು ತೆಗೆದ ಮಣ್ಣನ್ನು ಎಸೆಯಲು ಮನಸ್ಸು ಬರಲಿಲ್ಲ. ಇಲ್ಲಿನವರು ಬಿಸಿಲು ಎನ್ನುವ ಬಿಸಿಲಿಗೆ ನಾಲ್ಕು ದಿನ ಹರಡಿ, ಒಂದು ಕುಂಡಕ್ಕೆ ತುಂಬಿ, ಮೆಂತ್ಯ ಚೆಲ್ಲಿ ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೇನೆ. ಅದಕ್ಕೆ ದಿನಾ ನೀರು ಹಾಕುತ್ತೇನೆ, ನೀವು ಹೇಳಿದಂತೆ. ಒಂದೇ ಲೋಟ.

ನಿನ್ನೆ ಅತ್ತಿಗೆ ಫೋನ್ ಮಾಡಿದ್ದರು. ಹೇಗಿದ್ದೀರಿ ಎಂದರೆ "ಚೆನ್ನಾಗಿದೀನಿ ಬಿಡು, ನಿನ್ನ ಗಿಡ ಹೆಂಗವೆ?" ಎಂದರು. ವಾರ್ಡಿನಲ್ಲಿದ್ದೆ, ಯಾರೋ ಕರೆಯುತ್ತಿದ್ದರು. ಒಂದು ನಿಮಿಷ ಎಂದು ಕರೆದವರಿಗೆ ಕೈ ತೋರಿಸಿ ಕೇಳಿದೆ: "ಗಿಡ ಇರಲಿ ಅತ್ತಿಗೆ, ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?"

"ಒಂದೇ ಕಣೆ. ಯಾಕೆ?"

ಸುಮ್ಮನೆ ಕೇಳಿದೆ ಎಂದೆ.

ನಿಮ್ಮ ಸೊಸೆ,
ಸುಜಾತ