ಪಕ್ಕದ ಸೀಟಿನ ಬ್ರೇಕು

ಫೆಬ್ರುವರಿ 11

ಬೆಳಿಗ್ಗೆಯಿಂದ ಫೋನಿಗೆ ಬಿಡುವಿಲ್ಲ. ಎಲ್ಲರಿಗೂ ಸಂಜೆ ಐದರ ಕ್ಲಾಸೇ ಬೇಕು. ಇರುವುದು ಒಂದು ಕಾರು, ಒಬ್ಬ ಮೇಷ್ಟ್ರು. ನನ್ನ ಗಂಡನನ್ನು ತುಂಡು ಮಾಡಿ ಹಂಚಲೇ? ಒಬ್ಬಳಿಗೆ ಹಾಗೆಯೇ ಹೇಳಿಬಿಟ್ಟೆ. ನಕ್ಕಳು. ಬೆಳಿಗ್ಗೆ ಆರಕ್ಕೆ ಒಪ್ಪಿಕೊಂಡಳು.

ಈ ಬ್ಯಾಚಿಗೆ ಇವತ್ತು ಕೊನೆ ಪಾಠ. ರಿವರ್ಸು, ಪಾರ್ಕಿಂಗು ಎಲ್ಲ ಮುಗಿದ ಮೇಲೆ ಇವರು ತಾವಾಗಿಯೇ ಸೇರಿಸಿದ್ದು. ಬೇರೆ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಇಲ್ಲ. ಅಂಗಳದಲ್ಲಿ ಕಾರು ನಿಲ್ಲಿಸಿ, ಕಲಿಯುವವರನ್ನು ಸ್ಟೇರಿಂಗ್ ಮುಂದೆ ಕೂರಿಸಿ, ತಾವು ಹಳೇ ಟೋಪಿ ಹಾಕಿಕೊಂಡು ಪೊಲೀಸ್ ಆಗುತ್ತಾರೆ. ಪ್ಲಾಸ್ಟಿಕ್ ಪೀಪಿ ಊದುವುದು. ಟಾರ್ಚಿನಿಂದ ಗಾಜು ತಟ್ಟುವುದು.

"ಎಂಜಿನ್ ಆಫ್. ಒಳಗಿನ ಲೈಟ್ ಆನ್. ಎರಡೂ ಕೈ ಸ್ಟೇರಿಂಗ್ ಮೇಲೆ. ಗಾಜು ಇಳಿಸಿ. ಈಗ ಏನ್ ಕೇಳ್ಬೇಕು?"

"ಯಾಕೆ ನಿಲ್ಲಿಸಿದ್ರಿ ಸರ್ ಅಂತ."

"ಜಗಳದ ಥರ ಅಲ್ಲ. ಟೈಮ್ ಎಷ್ಟು ಅಂತ ಕೇಳೋ ಥರ ಕೇಳಿ."

ಕುಡಿದಿದ್ದಾರಾ ಎಂದು ನೋಡಲು ಊದಿಸುವ ಮೆಷಿನ್ನಿಗೆ ಬದಲು ಒಂದು ಕೆಟ್ಟ ಟಿವಿ ರಿಮೋಟು. ಅದಕ್ಕೆ ಜ್ಯೂಸ್ ಕುಡಿಯುವ ಸ್ಟ್ರಾ. "ಹೊಸ ಪೈಪು. ನಿಮ್ಮ ಕಣ್ಮುಂದೆ ಪ್ಯಾಕೆಟ್ ಒಡೆದು ಹಾಕ್ಬೇಕು. ಕೇಳೋದು ನಿಮ್ಮ ಹಕ್ಕು. ನಂಬರ್ ನೀವೂ ನೋಡಿ. ಚೀಟಿ ಇಸ್ಕೊಳ್ಳಿ. ಖಾಲಿ ಕಾಗದಕ್ಕೆ ಸೈನ್ ಹಾಕ್ಬೇಡಿ. ಕೇಳದೇ ಇದ್ದಿದ್ದಕ್ಕೆ ಬಾಯಿ ಬಿಡ್ಬೇಡಿ."

ಪ್ರತಿ ಬ್ಯಾಚಿನಲ್ಲೂ ಒಬ್ಬ ಕೇಳಿಯೇ ಕೇಳುತ್ತಾನೆ: "ಕುಡಿದಿದ್ರೆ ಸರ್?"

"ಕುಡಿದಿದ್ರೆ ಕಾರ್ ಹತ್ರ ಯಾಕಪ್ಪ ಬಂದೆ? ಓಡಿಸೋರು ಲರ್ನರ್ ಆಗಿದ್ರೆ ಪಕ್ಕದ ಸೀಟಲ್ಲೂ ಕೂರೋ ಹಾಗಿಲ್ಲ. ಪಕ್ಕದವನ ಕಾಲ ಕೆಳಗೂ ಬ್ರೇಕಿದೆ. ಕಾನೂನಿಗೆ ಅವನೂ ಡ್ರೈವರ್ರೇ."

ಮೂರು ಥರದ ಪೊಲೀಸ್ ಮಾಡುತ್ತಾರೆ. ಒಳ್ಳೆ ಪೊಲೀಸ್, ಸಿಡುಕು ಪೊಲೀಸ್, ಹಸಿದ ಪೊಲೀಸ್. ಹಸಿದ ಪೊಲೀಸ್ ಬಂದಾಗ ನಾನು ಆಫೀಸಿನಿಂದ ಕಾಫಿ ತರಬೇಕು. ಅದನ್ನು ಕುಡಿದು "ಇದು ಲಂಚ ಅಲ್ಲ, ಹೆಂಡತಿ ಕೊಟ್ಟಿದ್ದು" ಎನ್ನುತ್ತಾರೆ. ನನಗೆ ಬಾಯಿಪಾಠ ಆಗಿರುವ ಜೋಕು. ಹೊಸದಾಗಿ ಬಂದಾಗ ಈ ಕಿಟಕಿಯಲ್ಲಿ ನಿಂತು ನಗುತ್ತಾ ಹಾಲು ಉಕ್ಕಿಸಿದ್ದು ನೆನಪಿದೆ. ಇವತ್ತೂ ನಕ್ಕೆ. ಹಾಲು ಮಾತ್ರ ಉಕ್ಕಲಿಲ್ಲ, ಬುದ್ಧಿ ಬಂದಿದೆ.

ಫೆಬ್ರುವರಿ 15, ಬೆಳಿಗ್ಗೆ 8

ನನ್ನ ಕ್ಲಾಸು. ಹೌದು, ನನ್ನದೇ. ಕತ್ತಲಾದ ಮೇಲೆ ಎದುರಿನ ಗಾಡಿಯ ಲೈಟು ಇವರ ಕಣ್ಣು ಕುಕ್ಕುತ್ತದೆ. ರಾತ್ರಿ ಓಡಿಸಬೇಡಿ ಎಂದಿದ್ದಾರೆ ಕಣ್ಣಿನ ಡಾಕ್ಟರು. ಅದಕ್ಕೇ ಈ ವಯಸ್ಸಿನಲ್ಲಿ ನನಗೆ ಎಲ್ ಬೋರ್ಡು.

ಮದುವೆಯಾದ ವರ್ಷ ಒಮ್ಮೆ ಕಲಿಸಲು ಹೊರಟಿದ್ದರು. ಆಗಿನದು ಬೂದು ಬಣ್ಣದ ಕಾರು, ಬಾಗಿಲು ಎರಡು ಸಲ ಎಳೆದರೆ ಮುಚ್ಚುತ್ತಿತ್ತು. ಸೇತುವೆ ಹತ್ತಿರ ನಾನು ಇಂಡಿಕೇಟರ್ ಎಂದು ವೈಪರ್ ಹಾಕಿದೆ. "ಕಣ್ಣು ಎಲ್ಲಿಟ್ಟಿದೀಯೇ?" ಎಂದು ಕೂಗಿದರು. ಕಾರನ್ನು ನಡುರಸ್ತೆಯಲ್ಲಿ ಬಿಟ್ಟು ಇಳಿದೆ. ಮನೆಯವರೆಗೂ ನಡೆದೆ. ಇವರು ಹಿಂದೆಯೇ, ನನ್ನ ನಡಿಗೆಯ ಸ್ಪೀಡಿನಲ್ಲಿ, ಮೆಲ್ಲಗೆ ಹಾರ್ನ್ ಹೊಡೆಯುತ್ತಾ. ಬೀದಿಗೆಲ್ಲ ತಮಾಷೆ.

ಆಮೇಲೆ ನಾನು ಸ್ಟೇರಿಂಗ್ ಮುಟ್ಟಲಿಲ್ಲ. ಇವರೂ ಯಾವ ವಿದ್ಯಾರ್ಥಿಯ ಮೇಲೂ ಕೂಗಲಿಲ್ಲ. ನನ್ನ ಮೇಲೆ ಕೂಗಿದ್ದರಿಂದ ಊರಿಗೆಲ್ಲ ಲಾಭ.

ಈಗಲೂ ಕೂಗುವುದಿಲ್ಲ. ಆದರೆ ನನ್ನ ಕಾಲು ಬ್ರೇಕಿಗೆ ಹೋಗುವ ಮೊದಲೇ ಪೆಡಲ್ ಕೆಳಗಿಳಿದಿರುತ್ತದೆ.

"ನೀವು ಒತ್ತಿದ್ರಾ?"

"ಇಲ್ಲವಲ್ಲ."

ಸುಳ್ಳು ಹೇಳಲು ಬಾರದು ಇವರಿಗೆ. ಕಿವಿ ಕೆಂಪಗಾಗುತ್ತದೆ.

ಮಾರ್ಚ್ 3, ಬೆಳಿಗ್ಗೆ

ನಿನ್ನೆ ಬರೆಯುವ ಸ್ಥಿತಿಯಲ್ಲಿರಲಿಲ್ಲ. ಈಗ ಬರೆಯುತ್ತೇನೆ. ಕೋಪ ಆರಿಲ್ಲ.

ಗ್ರೀಸಣ್ಣ ಗ್ಯಾರೇಜು ಮುಚ್ಚುತ್ತಿದ್ದಾನೆ. ಬೂದು ಕಾರಿನಿಂದ ಹಿಡಿದು ನಮ್ಮ ಎಲ್ಲ ಕಾರಿಗೂ ಪಕ್ಕದ ಸೀಟಿಗೆ ಬ್ರೇಕು, ಕ್ಲಚ್ಚು ಕೂರಿಸಿದವನು ಅವನೇ. ಮಧ್ಯಾಹ್ನ ಗ್ಯಾರೇಜಿನಲ್ಲೇ ಊಟ ಇಟ್ಟುಕೊಂಡಿದ್ದ. ಕಾರನ್ನು ಕೊನೇ ಸರ್ವಿಸಿಗೆಂದು ಅವನಲ್ಲೇ ಬಿಡುವುದು, ವಾಪಸ್ ಹಲ್ಲಿನ ಡಾಕ್ಟರ ಕಾರಿನಲ್ಲಿ ಬರುವುದು ಎಂದು ಮಾತಾಗಿತ್ತು. ಹಲ್ಲಿನ ಡಾಕ್ಟರೂ ನಮ್ಮ ಹಳೇ ವಿದ್ಯಾರ್ಥಿಯೇ.

ಓಡಿಸುವ ಕೆಲಸವಿಲ್ಲವಲ್ಲ ಎಂದು ಇವರು ಗ್ಲಾಸು ಹಿಡಿದರು. ವರ್ಷಕ್ಕೊಮ್ಮೆ ಹಿಡಿದರೆ ಹೆಚ್ಚು. ಗ್ರೀಸಣ್ಣ ಇನ್ನೊಂದು ಸುರಿದ. ಬೂದು ಕಾರು ಹೆಚ್ಚು ಸಲ ಕೆಟ್ಟಿದ್ದು ಯಾರ ತಪ್ಪಿನಿಂದ ಎಂದು ಇಬ್ಬರೂ ಜಗಳವಾಡಿದರು, ತಬ್ಬಿಕೊಂಡರು, ಮತ್ತೆ ಜಗಳವಾಡಿದರು. ನೋಡಲು ಚೆನ್ನಾಗಿತ್ತು. ಅಷ್ಟರಲ್ಲಿ ಯಾರಿಗೋ ಹಲ್ಲು ಮುರಿದು ರಕ್ತ ನಿಲ್ಲುತ್ತಿಲ್ಲವೆಂದು ಫೋನು ಬಂದು ಡಾಕ್ಟರು ಓಡಿದರು.

ನಮ್ಮ ಕಾರಿನ ಸರ್ವಿಸು ಮುಗಿದಿತ್ತು. ತೊಳೆದು ನಿಲ್ಲಿಸಿದ್ದ.

"ನಾನೇ ಓಡಿಸ್ತೀನಿ. ನೆಟ್ಟಗಿನ ರಸ್ತೆ."

"ಬೇಡ ಇವಳೇ. ಕುಡಿದಿದೀನಿ. ಪಕ್ಕ ಕೂರೋ ಹಾಗಿಲ್ಲ. ಟ್ಯಾಕ್ಸಿ ಕರೆಸು."

"ಇಷ್ಟು ದೂರಕ್ಕೆ ಟ್ಯಾಕ್ಸೀನಾ? ಕೂತ್ಕೊಳ್ರೀ ಸುಮ್ನೆ."

ಕೂತರು. ಕೂರಿಸಿದವಳು ನಾನು.

ಇನ್ನೂ ಬೆಳಕಿತ್ತು. ಸೇತುವೆ ಹತ್ತಿರ ಪೊಲೀಸರು ಅಡ್ಡಗಟ್ಟೆ ಇಟ್ಟಿದ್ದರು. ನಾನು ಬ್ರೇಕಿಗೆ ಕಾಲಿಡುವ ಮೊದಲೇ ಪೆಡಲ್ ಕೆಳಗೆ ಹೋಗಿತ್ತು.

ಆಮೇಲೆ ಕೊನೆ ಪಾಠವನ್ನು ನಾನು ಒಪ್ಪಿಸಿದೆ. ಎಂಜಿನ್ ಆಫ್. ಲೈಟ್ ಆನ್. ಕೈ ಸ್ಟೇರಿಂಗ್ ಮೇಲೆ. ಗಾಜು ಇಳಿಸಿ "ಯಾಕೆ ನಿಲ್ಲಿಸಿದ್ರಿ ಸರ್?" ಎಂದೆ, ಟೈಮ್ ಕೇಳುವ ಹಾಗೆ. ಪೊಲೀಸಿನವನಿಗೆ ಸುಸ್ತಾಗಿತ್ತು. "ಚೆಕಿಂಗ್ ಅಮ್ಮ, ಊದಿ." ಹೊಸ ಪೈಪು ಕೇಳಿದೆ. ಗೊಣಗಿಕೊಂಡು ಪ್ಯಾಕೆಟ್ ಒಡೆದ. ಊದಿದೆ. ಸೊನ್ನೆ. ಕಿಟಕಿಯಲ್ಲಿ ನಿಂತು ಕಲಿತವಳಿಗೆ ಇಷ್ಟು ಬರುತ್ತದಲ್ಲ ಎಂದು ಹೆಮ್ಮೆಯಾಯಿತು. ಲೈಸೆನ್ಸ್ ತೋರಿಸಿದೆ. ಅವನು ಫೋಟೋ ಮಾತ್ರ ನೋಡಿ ವಾಪಸ್ ಕೊಟ್ಟ. "ಹೋಗಿ ಅಮ್ಮ."

ಕೀ ತಿರುಗಿಸಿದ್ದೆ.

"ಒಂದ್ನಿಮಿಷ," ಅಂದರು ಇವರು. "ಅದು ಲರ್ನಿಂಗ್ ಲೈಸೆನ್ಸು. ಪಕ್ಕದಲ್ಲಿ ಕೂತೋರನ್ನ ನೀವು ನೋಡ್ಲೇ ಇಲ್ಲ."

"ನಿಮ್ಮನ್ನ ಕೇಳ್ಲಿಲ್ಲವಲ್ಲ ಯಜಮಾನ್ರೇ."

"ಕೇಳ್ಬೇಕಿತ್ತು."

ಮೇಷ್ಟ್ರಿಗೆ ಅರ್ಧ ಪಾಠ ನೋಡಿ ಸುಮ್ಮನಿರಲಾಗಲಿಲ್ಲ! ಪೊಲೀಸಿನವನು ತಬ್ಬಿಬ್ಬಾಗಿ ಮೆಷಿನ್ ಇವರ ಮುಂದೆ ಹಿಡಿದ. ನಾನು ಊದಿದ ಅದೇ ಪೈಪು. ಇವರ ಕಣ್ಣು ಪೈಪಿನ ಮೇಲೇ ಇತ್ತು. ಆದರೂ ಕೇಳಲಿಲ್ಲ. ಊದಿದರು. ಮೆಷಿನ್ ಕೂಗಿತು.

ಚೀಟಿ ಕೊಡಲಿಲ್ಲ. ಇವರ ಲೈಸೆನ್ಸ್ ತೆಗೆದುಕೊಂಡು, ಕೋರ್ಟಿನ ತಾರೀಖು ಬರೆದುಕೊಟ್ಟು, ಕಾರು ಅಲ್ಲೇ ನಿಲ್ಲಿಸಿಕೊಂಡರು. ನಾನು ಮುಂದೆ ನಡೆದೆ. ಇವರು ಹಿಂದೆ. ಅದೇ ಸೇತುವೆ, ಅದೇ ರಸ್ತೆ. ಈ ಸಲ ಹಾರ್ನ್ ಇಲ್ಲ.

ಮಾರ್ಚ್ 5

ಮಾತಿಲ್ಲ. ಕಾಫಿ ಲೋಟ ಮೇಜಿನ ಮೇಲೆ ಕುಕ್ಕಿದೆ. ಕುಡಿದರು. ತೊಳೆದಿಟ್ಟರು.

ಮಾರ್ಚ್ 9

ನಾದಿನಿಯ ಮಗಳು ಬಂದಿದ್ದಳು. ವಕೀಲೆ. ಕಾರು ಕಲಿತದ್ದು ಇವರ ಹತ್ತಿರವೇ, ಹಸಿದ ಪೊಲೀಸನ್ನು ನೋಡಿ ಬಿದ್ದು ಬಿದ್ದು ನಕ್ಕವಳು. ಎಲ್ಲ ಕೇಳಿಸಿಕೊಂಡು ಕೋರ್ಟಿನ ಕಾಗದ ಮಡಿಸಿದಳು.

"ಮಾವ, ಅತ್ತೆ ಊದಿದ ಪೈಪನ್ನೇ ನಿಮಗೆ ಕೊಟ್ಟಿದಾರೆ. ಚೀಟಿ ಇಲ್ಲ. ಇಷ್ಟು ಹೇಳಿ ಸಾಕು, ಕೇಸು ಬಿದ್ದುಹೋಗುತ್ತೆ."

"ಹೇಳದಿದ್ರೆ?"

"ಆರು ತಿಂಗಳು ನಿಮ್ಮ ಲೈಸೆನ್ಸ್ ಇಲ್ಲ. ಅದು ಹೋಗ್ಲಿ. ಕಲಿಸೋ ಪರ್ಮಿಷನ್ ರದ್ದಾಗುತ್ತೆ. ಈ ವಯಸ್ಸಲ್ಲಿ ಮತ್ತೆ ಕೊಡೋದಿಲ್ಲ."

ಅಂದರೆ ಸ್ಕೂಲು ಮುಚ್ಚಿದ ಹಾಗೆ.

"ನಾನು ಕುಡಿದಿದ್ದೆ ಅಲ್ವೇನೇ?"

"ಸಾಬೀತು ಮಾಡೋದು ಅವರ ಕೆಲಸ ಮಾವ. ಹಕ್ಕು ಒಳ್ಳೆಯವರಿಗೆ ಮಾತ್ರ ಅಂತ ನೀವು ನಮಗೆ ಹೇಳ್ಕೊಡ್ಲಿಲ್ಲ."

ಇವರು ಎದ್ದು ಕಿಟಕಿಯ ಬಳಿ ಹೋದರು.

ಅವಳು ಹೋದ ಮೇಲೆ ನಾನೇ ಮಾತು ಶುರು ಮಾಡಿದೆ. ಸೋತೆ ಅನ್ನಲಿ. "ಪೈಪಿನ ವಿಷಯ ಹೇಳ್ರೀ. ಸುಳ್ಳೇನಲ್ಲ ಅದು." ಇವರು ಕಿಟಕಿಯಾಚೆ ಅಂಗಳ ನೋಡುತ್ತಿದ್ದರು. ಚಕ್ರಗಳು ತಿರುಗಿ ತಿರುಗಿ ಅಂಗಳದ ನಡುವೆ ಹುಲ್ಲೇ ಬೆಳೆಯದ ಒಂದು ಉಂಗುರವಾಗಿದೆ. ಮೊದಲ ವರ್ಷ ಅಲ್ಲಿ ನಾನು ಹೂವಿನ ಗಿಡ ನೆಟ್ಟಿದ್ದೆ. ಮೊದಲ ವಿದ್ಯಾರ್ಥಿಯೇ ರಿವರ್ಸಿನಲ್ಲಿ ಹತ್ತಿಸಿದ. ಮತ್ತೆ ನೆಡಲಿಲ್ಲ. ಸ್ಕೂಲಿಲ್ಲದ ಇವರನ್ನು ನೆನೆಸಿಕೊಳ್ಳಲು ನನಗೆ ಆಗುವುದಿಲ್ಲ. ಭಯವಾಗುತ್ತದೆ.

ಮಾರ್ಚ್ 27, ಮಧ್ಯಾಹ್ನ 3

ಕೋರ್ಟಿನಿಂದ ಈಗ ಬಂದೆವು.

ಕಟಕಟೆಯ ಮರದ ಮೇಲೆ ಎರಡೂ ಕೈ ಇಟ್ಟು ನಿಂತಿದ್ದರು, ಸ್ಟೇರಿಂಗ್ ಹಿಡಿದ ಹಾಗೆ. ಮ್ಯಾಜಿಸ್ಟ್ರೇಟ್ ಹೆಂಗಸು, ಕನ್ನಡಕದವರು. ಏನು ಹೇಳುತ್ತೀರಿ ಎಂದು ಕೇಳಿದರು.

"ಕುಡಿದಿದ್ದೆ. ಲರ್ನರ್ ಪಕ್ಕದಲ್ಲಿ ಕೂತಿದ್ದೆ. ತಪ್ಪು."

ನಾದಿನಿಯ ಮಗಳು ಕಣ್ಣು ಮುಚ್ಚಿಕೊಂಡಳು. ನಾನು ನೆಲ ನೋಡಿದೆ.

"ಇನ್ನೊಂದಿದೆ. ನನಗೆ ಕೊಟ್ಟಿದ್ದು ನನ್ನ ಹೆಂಡತಿ ಊದಿದ ಪೈಪು. ಹೊಸದು ಹಾಕ್ಬೇಕಿತ್ತು. ಚೀಟಿ ಕೊಡ್ಬೇಕಿತ್ತು. ಅದೂ ತಪ್ಪು. ಎರಡನ್ನೂ ಬರ್ಕೊಳ್ಳಿ."

ಮ್ಯಾಜಿಸ್ಟ್ರೇಟ್ ಪೆನ್ನು ಕೆಳಗಿಟ್ಟರು. "ಎರಡನೇದು ಬರ್ಕೊಂಡ್ರೆ ಮೆಷಿನ್ನಿನ ಲೆಕ್ಕ ಹಿಡಿಯೋ ಹಾಗಿಲ್ಲ. ಗೊತ್ತಾ?"

"ಗೊತ್ತು. ಮೆಷಿನ್ ಮಾತು ಬಿಡಿ, ನನ್ನ ಮಾತು ತಗೊಳ್ಳಿ. ಪೈಪಿನ ಮಾತು ನನ್ನ ಆಮೇಲೆ ಬರೋರಿಗೆ."

ಎರಡನ್ನೂ ಬರೆದುಕೊಂಡರು. ನನ್ನನ್ನು ಎಚ್ಚರಿಕೆ ಹೇಳಿ ಬಿಟ್ಟರು. ಇವರಿಗೆ ದಂಡ, ಆರು ತಿಂಗಳು ಲೈಸೆನ್ಸ್ ಇಲ್ಲ. ಪರ್ಮಿಷನ್ ರದ್ದು. ಪೈಪು ಬದಲಾಯಿಸದಿದ್ದಕ್ಕೆ ಪೊಲೀಸ್ ಸ್ಟೇಷನ್ನಿಗೂ ಒಂದು ಕಾಗದ ಹೋಗುತ್ತದಂತೆ.

ಬಸ್ಸಿನಲ್ಲಿ ಬಂದೆವು. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಬಾಯಿಗೆ ಬರಲಿಲ್ಲ. ಇವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ, ಬಸ್ಸಿನಲ್ಲೇ, ಎಲ್ಲರೆದುರು.

ಏಪ್ರಿಲ್ 6

ಪೊಲೀಸರು ಕಾರು ವಾಪಸ್ ಕೊಟ್ಟರು. ಗ್ರೀಸಣ್ಣ ಊರು ಬಿಡುವ ಮುಂಚೆ ಬಂದು ಪಕ್ಕದ ಬ್ರೇಕು, ಕ್ಲಚ್ಚು ಬಿಚ್ಚಿದ. ಕೂರಿಸಿದವನೇ ಬಿಚ್ಚಬೇಕಾಯಿತು. ಕಣ್ಣೊರೆಸಿಕೊಂಡ. ಮುಖಕ್ಕೆಲ್ಲ ಗ್ರೀಸ್ ಆಯಿತು. ನೆಲದ ತೂತುಗಳ ಮೇಲೆ ಮ್ಯಾಟ್ ಹಾಸಿದ. ಬ್ರೇಕ್ ಪೆಡಲನ್ನು ನಾನು ಆಫೀಸಿನ ಕಿಟಕಿಯಲ್ಲಿಟ್ಟಿದ್ದೇನೆ. ರಬ್ಬರು ಸವೆದು ಇವರ ಶೂ ಆಕಾರಕ್ಕೆ ಬಂದಿದೆ.

ಸಂಜೆ ಕೊನೇ ಬ್ಯಾಚಿನವರು ತಾವಾಗಿಯೇ ಬಂದರು. "ಕೊನೆ ಪಾಠ ಬಾಕಿ ಇದೆ ಸರ್." ಅದಕ್ಕೆ ಪರ್ಮಿಷನ್ ಬೇಕಿಲ್ಲವಲ್ಲ. ಟೋಪಿ ಹುಡುಕಿ ಕೊಟ್ಟೆ. ಒಬ್ಬಳು ಕೇಳಿಯೇ ಕೇಳಿದಳು, ಕುಡಿದಿದ್ದರೆ ಏನು ಎಂದು. ಇವರು ನನ್ನ ಕಿಟಕಿಯ ಕಡೆ ನೋಡಿದರು.

"ನನ್ನ ಹಾಗೆ ಹೇಳ್ಬಿಡಿ. ಪೈಪ್ ಮಾತ್ರ ಹೊಸದು ಕೇಳಿ."

ಯಾರೂ ನಗಲಿಲ್ಲ. ಹಸಿದ ಪೊಲೀಸಿಗೆ ಕಾಫಿ ಕೊಟ್ಟೆ. ಜೋಕು ಹೇಳಲು ಮರೆತರು. ನಾನೇ ಹೇಳಿದೆ.

ಜೂನ್ 18

ಪಾಸು. ಮೊದಲ ಸಲಕ್ಕೇ. ಅಭ್ಯಾಸ ಮಾಡಿಸಿದ್ದು ನಾದಿನಿಯ ಮಗಳು. ಇವರು ಹಿಂದಿನ ಸೀಟಿನಲ್ಲಿ ಬಾಯಿ ಬಿಗಿದುಕೊಂಡು ಕೂರುತ್ತಿದ್ದರು. ಲೈಸೆನ್ಸ್ ಆಫೀಸಿನವನು ನನ್ನ ರಿವರ್ಸ್ ನೋಡಿ "ಯಾರ ಹತ್ರ ಕಲಿತ್ರಿ?" ಎಂದ. ಹೇಳಿದೆ. "ನಾನೂ ಅಲ್ಲೇ," ಎಂದ.

ಫೋನು ಈಗ ಬರುವುದಿಲ್ಲ. ಬಂದರೂ ಇವರೇ ಓಡಿಹೋಗಿ ಎತ್ತುತ್ತಾರೆ.

ಜುಲೈ 24, ಸಂಜೆ

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದೆವು. ನಾನು ಓಡಿಸಿದೆ. ಇವರು ಪಕ್ಕದಲ್ಲಿ, ಮೊದಲ ಸಲ ಬರೀ ಪ್ಯಾಸೆಂಜರು.

ಸೇತುವೆ ಹತ್ತಿರ ಅಡ್ಡಗಟ್ಟೆ. ಅದೇ ಪೊಲೀಸಿನವನು. ನಮ್ಮನ್ನು ಗುರುತಿಸಿದ. ನಾನು ಗಾಜು ಪೂರ್ತಿ ಇಳಿಸುವ ಮೊದಲೇ, ಕೇಳದೆಯೇ, ಪ್ಯಾಕೆಟನ್ನು ನಮ್ಮ ಕಣ್ಣೆದುರಿಗೆ ಹಿಡಿದು ಒಡೆದ. ಊದಿದೆ. ಸೊನ್ನೆ. ನಂಬರ್ ತೋರಿಸಿದ. ಚೀಟಿ ಕೊಟ್ಟ. "ಸರಿಯಾಯ್ತಾ ಮೇಷ್ಟ್ರೇ?" ಎಂದ.

"ಸರಿಯಾಯ್ತು," ಎಂದರು. ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಸೇತುವೆ ದಾಟಿದ ಮೇಲೆ ಎದುರಿನಿಂದ ಒಂದು ಲಾರಿ ಲೈಟು ಚೆಲ್ಲಿಕೊಂಡು ತಿರುಗಿತು. ಇವರ ಕಾಲು ಮ್ಯಾಟನ್ನು ಬಲವಾಗಿ ಒತ್ತಿದ್ದು ಓರೆಗಣ್ಣಿಗೆ ಬಿತ್ತು. ಅಲ್ಲಿ ಏನೂ ಇಲ್ಲ. ಲಾರಿ ಇನ್ನೂ ದೂರದಲ್ಲಿತ್ತು, ಬ್ರೇಕು ಬೇಕಿರಲಿಲ್ಲ. ಆದರೂ ನಾನು ಒತ್ತಿದೆ, ಇವರ ಕಾಲಿನ ಜೊತೆಗೇ. ಕಾರು ನಿಧಾನವಾಯಿತು.

"ನೀವು ಒತ್ತಿದ್ರಾ?"

"ಇಲ್ಲವಲ್ಲ."

ಕಿವಿ ನೋಡಬೇಕೆನಿಸಿತು. ಆದರೆ ರಸ್ತೆಯಿಂದ ಕಣ್ಣು ತೆಗೆಯಬಾರದೆಂದು ಇವರೇ ಹೇಳಿಕೊಟ್ಟಿದ್ದಲ್ಲವೇ.