ಡೇಟ್ ಸಿಗದ ನೀರು

ಮಾರ್ಚ್ 3
ಇವತ್ತೂ ಪಂಚಾಯ್ತಿಗೆ ಹೋಗಿ ಅದನ್ನೇ ಕೇಳಿ ಬಂದೆ. ಶುದ್ಧ ನೀರಿನ ಘಟಕ ತಯಾರಾಗಿ ಎಷ್ಟು ದಿನವಾಯಿತು! ಮಷಿನ್ ಇದೆ, ಕರೆಂಟ್ ಇದೆ. ಕಲ್ಲಿನ ಮೇಲೆ ಶಾಸಕರ ಹೆಸರು ದೊಡ್ಡದಾಗಿ, ಅಧ್ಯಕ್ಷೆ ಎಂದು ನನ್ನದು ಸಣ್ಣದಾಗಿ. ಬಾಗಿಲಿಗೆ ಬೀಗ. ಉದ್ಘಾಟನೆಗೆ ಶಾಸಕ ಸಾಹೇಬರು ಡೇಟ್ ಕೊಟ್ಟಿಲ್ಲವಂತೆ. ಊರು ಹೊಳೆಯ ಕೆಸರು ನೀರನ್ನೇ ಕುಡಿಯುತ್ತಿದೆ.

ಮಾರ್ಚ್ 9
ಅಂಗನವಾಡಿಯಲ್ಲಿ ಅರ್ಧ ಮಕ್ಕಳಿಲ್ಲ. ವಾಂತಿ-ಭೇದಿ. ಇನ್ನಾದರೂ ಬೀಗ ತೆಗೆಸಿ ಎಂದು ಪಿಡಿಒ ನಂದಕಿಶೋರರ ಮುಂದೆ ಗಂಟಲು ಹರಿದುಕೊಂಡೆ.

"ಇವತ್ತಿಂದ ನೀತಿ ಸಂಹಿತೆರಿ ಮೇಡಂ. ಚುನಾವಣಿ ಮುಗಿಯೂತನಕ ಉದ್ಘಾಟನಾ ಮಾಡಂಗಿಲ್ಲ."

ತಲೆ ಚಚ್ಚಿಕೊಳ್ಳಬೇಕು! ಮಧ್ಯಾಹ್ನವೇ ಇಬ್ಬರು ಬಂದು ಕಲ್ಲಿನ ಮೇಲಿನ ಹೆಸರುಗಳಿಗೆ ಪೇಪರ್ ಅಂಟಿಸಿ ಹೋದರು. ಅದಕ್ಕೆ ಮಾತ್ರ ತಡವಾಗಲಿಲ್ಲ.

ಮಾರ್ಚ್ 14
ತಮ್ಮ ಭೀಮಶಿಯ ಮಗಳು ಪೂನಮ್‌ಳನ್ನು ಬೀಳಗಿ ದವಾಖಾನೆಗೆ ಒಯ್ದೆವು. ಎರಡು ವರ್ಷದ ಕೂಸು. ಕಣ್ಣು ಗುಳಿ ಬಿದ್ದಿವೆ, ಅತ್ತರೂ ಕಣ್ಣೀರಿಲ್ಲ. ಸಲೈನ್ ಹಚ್ಚಿದ್ದಾರೆ... ಭೀಮಶಿ ಒಂದೇ ಮಾತು ಅಂದ.

"ಅಕ್ಕಾ, ನಿನಗ ಓಟ್ ಹಾಕಿದ್ದು ಕಲ್ಲಿನ ಮ್ಯಾಲ ಹೆಸರು ಬರಸಾಕಲ್ಲ."

ಹೊರಗೆ ಹೋಗಿ ಅತ್ತೆ.

ಮಾರ್ಚ್ 17, ಮಧ್ಯಾಹ್ನ
ಪೂನಮ್ ಮನೆಗೆ ಬಂದಳು. ಕುಡಿಸಲು ಮತ್ತದೇ ಹೊಳೆ ನೀರು! ಸಾಕಾಯಿತು. ನೇರ ಹೋಗಿ ಬೀಗ ಒಡೆಸಿದೆ. ನೋಡಿದರೆ, ಹೆಂಗಸರು ಕೊಡ ಇಡಲೊಲ್ಲರು. ಊರದೇವರು ಬೀರಪ್ಪನ ಭಂಡಾರದ ಅರಿಶಿನ ಬೀಳದೆ ಹೊಸ ನೀರು ಮುಟ್ಟಬಾರದಂತೆ. ಇವರದೊಂದು ನೀತಿ ಸಂಹಿತೆ! ಓಣಿಯ ಹಿರಿಯಳು ಮಾಯವ್ವನನ್ನು ಕೈ ಹಿಡಿದು ಕರೆತಂದೆ. ಮುದುಕಿ ಒಂದು ಹಿಡಿ ಅರಿಶಿನ ತೂರಿ ನಳ ತಿರುವಿದಳು.

"ನಮ್ಮ ಬೀರಪ್ಪಗ ಯಾವ ಪಾರ್ಟಿ ಐತಿ? ತುಂಬ್ರಿ."

ಅದೇ ದಿನ, ಸಂಜೆ
ನಂದಕಿಶೋರ ಹೊಸ ಬೀಗ ಹಿಡಿದು ಓಡಿ ಬಂದರು. ಕೊಡಗಳ ಸಾಲು ರಸ್ತೆಗೆ ಮುಟ್ಟಿತ್ತು. ಪ್ರಚಾರಕ್ಕೆ ಬಂದ ಎರಡೂ ಪಾರ್ಟಿಯವರು ಅಲ್ಲೇ ಇದ್ದರು. ಅಷ್ಟು ಮಂದಿ ಮತದಾರರ ಮುಂದೆ ಬೀಗ ಹಾಕಿ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಬೀಗ ತೆಗೆಯಗೊಡದ ಚುನಾವಣೆಯೇ ಇವತ್ತು ಹಾಕಗೊಡಲಿಲ್ಲ. ನಂದಕಿಶೋರ ಬೀಗವನ್ನು ಜೇಬಿಗೆ ಹಾಕಿಕೊಂಡು, ಬಾಟಲಿ ತುಂಬಿಸಿಕೊಂಡು ಹೋದರು.

ಮಾರ್ಚ್ 20
ನೋಟಿಸು ಬಂತು. ಯಾರ ಅನುಮತಿಯಿಂದ ನೀರು ಬಿಟ್ಟಿರಿ ಎಂದು ಉತ್ತರ ಬರೆಯಬೇಕಂತೆ. ಬರೆಯೋಣವೆಂದು ಕೂತರೆ ಪೂನಮ್ ಲೋಟ ಹಿಡಿದು ಸೆರಗು ಜಗ್ಗುತ್ತಿದ್ದಾಳೆ. ಇನ್ನೂ ಬೇಕಂತೆ. ನೋಟಿಸು ಇರಲಿ, ಮೊದಲು ಇವಳಿಗೆ—