ಪೇಟೆ ಗೋಡೆಯ ಪ್ರದರ್ಶನ

೭ ಫೆಬ್ರವರಿ ೨೦೨೬, ಶನಿವಾರ

ಉಲ್ಲಾಸನ ಮಾತು ಇನ್ನೂ ಕಿವಿಯಲ್ಲೇ ಇದೆ.

ಯುದ್ಧಾನಂತರದ ಜಪಾನಿನ ಕಲೆಯ ಬಗ್ಗೆ ಇವತ್ತು ಶಿರಸಿಯಲ್ಲಿ ಅವನ ಉಪನ್ಯಾಸವಿತ್ತು. ಟೋಕಿಯೊದ ಮನ್ನಣೆಗೆ ಕಾಯದೆ, ಫುಕುವೋಕಾದಲ್ಲೇ ಗುಂಪು ಕಟ್ಟಿ, ರಸ್ತೆಗೆ ಸುರಿಯುವ ಡಾಂಬರಿನಲ್ಲಿ ಚಿತ್ರ ಮಾಡಿದವರ ಕಥೆ. ವರ್ಷಗಳ ಹಿಂದೆ ಅದನ್ನು ಮೊದಲು ಓದಿ ಅವನಿಗೆ ಹೇಳಿದ್ದು ನಾನು. ಆ ಹುಮ್ಮಸ್ಸಿನಲ್ಲೇ ನಾವಿಬ್ಬರೂ ಸಿದ್ದಾಪುರದಲ್ಲಿ ಚಿತ್ರ ಬರೆಯುವವರ ಬಳಗ ಕಟ್ಟಿದೆವು. ಪ್ರತಿ ವರ್ಷ ಪೇಟೆಯ ಗೋಡೆಗಳ ಮೇಲೆಯೇ ಪ್ರದರ್ಶನ, ಬೆಂಗಳೂರಿಗೆ ಹೋಗುವುದಿಲ್ಲ ಎಂದು ಮಾತಾಗಿತ್ತು.

ಉಪನ್ಯಾಸದ ಕೊನೆಯಲ್ಲಿ ಅವನು ಹೇಳಿದ: "ಊರಲ್ಲೇ ಉಳಿದವರನ್ನ ಯಾರೂ ನೆನಪಿಟ್ಟುಕೊಳ್ಳೋದಿಲ್ಲ. ನಾವೂ ನಮ್ಮ ಬಳಗ ಮುಚ್ತಾ ಇದ್ದೇವೆ. ಮುಂದಿನ ತಿಂಗಳು ಬೆಂಗಳೂರಲ್ಲಿ ನನ್ನ ಏಕವ್ಯಕ್ತಿ ಪ್ರದರ್ಶನ."

ನಾವಂತೆ! ಮೊದಲ ಸಾಲಿನಲ್ಲಿ ಕೂತಿದ್ದ ನನಗೇ ಗೊತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಹೊರಗೆ ಅವನಿಗೆ ಅಡ್ಡ ನಿಂತು ಕೇಳಿದೆ, "ನಂಗೆ ಎಂತಕ್ಕೆ ಮೊದ್ಲೇ ಹೇಳ್ಲಿಲ್ಲ?"

"ಹೇಳಿದ್ರೆ ನೀ ಬಿಡ್ತಿದ್ಯೇನೇ ರೋಹಿಣಿ?" ಎಂದು ನಕ್ಕ.

ಹೋಗುವುದು ಅವನ ಇಷ್ಟ. ಆದರೆ ಇಷ್ಟು ವರ್ಷ ಇಬ್ಬರೂ ಸೇರಿ ಮಾಡಿದ್ದನ್ನು, ಪರಿಚಯವಿಲ್ಲದವರ ಮುಂದೆ ಸೋಲು ಎಂದುಬಿಟ್ಟನಲ್ಲ. ಬಾ ಎಂದು ಒಂದು ಮಾತು ಕರೆಯಲೂ ಇಲ್ಲ. ನಾನು ಹೋಗುತ್ತಿರಲಿಲ್ಲ, ಅದು ಬೇರೆ.

ಸಂಜೆ ಕೋಲಸಿರ್ಸಿ ಹಳ್ಳಿಯಿಂದ ದ್ಯಾವಮ್ಮತ್ತೆಯ ಫೋನ್ ಬಂತು. ಬಳಗದಲ್ಲಿ ಎಲ್ಲರಿಗಿಂತ ಹಿರಿಯಳು, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಚಿತ್ತಾರ ಬರೆಯುವವಳು. "ಈ ವರ್ಷ ಯಾವ ಗೋಡೆನೇ? ಕೆಮ್ಮಣ್ಣು ತಂದಿಟ್ಟಿದೀನಿ."

ಬಳಗ ಮುಚ್ಚಿತು ಎನ್ನಲು ಬಾಯಿ ಬರಲಿಲ್ಲ. "ಬಸ್ ಸ್ಟ್ಯಾಂಡ್ ಎದುರಿನ ಗೋಡೆ ಅತ್ತೆ" ಎಂದುಬಿಟ್ಟೆ.

ಆ ಗೋಡೆ ಯಾರದು ಅಂತಲೂ ನನಗೆ ಗೊತ್ತಿಲ್ಲ. ನಾಳೆ ಹೋಗಿ ಕೇಳಬೇಕು.